ಟ್ರಂಪೆಟ್ ಊದುವವನ ವಸಡು

ಮಾರ್ಚ್ 3, ಬೆಳಿಗ್ಗೆ

ಮತ್ತೆ ರಕ್ತ. ಬೇಸಿನ್ ತುಂಬ ಕೆಂಪು ನೊರೆ. ತೊಳೆಯುವಷ್ಟರಲ್ಲಿ ಹೆಂಡತಿ ನೋಡಿಬಿಟ್ಟಳು.

"ಅದೇನು ಹಲ್ಲಾ, ತಳ ಹಿಡಿದ ಪಾತ್ರೆನಾ? ಹಾಗೆ ತಿಕ್ಕಿದ್ರೆ ಇನ್ನೇನಾಗತ್ತೆ?"

"ನಿನ್ನ ಕೆಲಸ ನೋಡ್ಕೋ" ಅಂದೆ.

ಕನ್ನಡಿಯಲ್ಲಿ ನೋಡಿಕೊಂಡೆ. ಮೇಲ್ಗಡೆಯ ಮುಂದಿನೆರಡು ಹಲ್ಲು ಕುದುರೆ ಹಲ್ಲಿನಷ್ಟು ಉದ್ದ. ಹಲ್ಲು ಬೆಳೆದಿಲ್ಲ — ವಸಡು ಮೇಲೆ ಸರಿದಿದೆ. ಬುಡದಲ್ಲಿ ಹಳದಿ ಬೇರು ಕಾಣುತ್ತಿದೆ. ಟ್ರಂಪೆಟ್ಟಿನ ಮೌತ್‌ಪೀಸ್ ಕೂರುವುದು ಸರಿಯಾಗಿ ಅಲ್ಲೇ. ಇಷ್ಟು ಹಲ್ಲಿರುವ ಬಾಯಲ್ಲಿ ಈ ದರಿದ್ರಕ್ಕೆ ಬೇರೆ ಜಾಗ ಸಿಗಲಿಲ್ಲವೇ?

ಮಾರ್ಚ್ 4

ಮೆತ್ತನೆಯ ಬ್ರಶ್. ಜುಮ್ಮೆನ್ನುವ ಹಲ್ಲಿಗೆಂದು ಮಾರುವ ಪೇಸ್ಟ್. ಬೆಚ್ಚಗಿನ ಉಪ್ಪುನೀರು. ಡಾಕ್ಟರ ಹತ್ತಿರ ಹೋಗಿ ಅಂತ ಹೆಂಡತಿಯ ಜಪ. ಹೋದರೆ "ಊದೋದು ನಿಲ್ಲಿಸಿ" ಅನ್ನುತ್ತಾರೆ. ಇನ್ನೇನು ಅಂದಾರು?

ಪಾರ್ಕಿನ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ ನಾನು. ಎರಡನೆಯದು ನನ್ನ ಒಡಹುಟ್ಟಿದ ತಮ್ಮ. ಪಕ್ಕದಲ್ಲೇ ಕೂತು ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿರುತ್ತಾನೆ. ಅವನಿಗೆ ಮಾತ್ರ ಸುಳಿವು ಸಿಗಕೂಡದು.

ಮಾರ್ಚ್ 9

ಪ್ರಾಕ್ಟೀಸಿನ ನಡುವೆ ತಮ್ಮ ಜ್ಯೂಸ್ ತಂದ. ಗ್ಲಾಸಿನ ತುಂಬ ಐಸು.

"ಯಾಕಣ್ಣ, ಕುಡಿ. ತಣ್ಣಗಿದೆ."

ಪರೀಕ್ಷೆ ಮಾಡುತ್ತಿದ್ದಾನೆ, ಕಳ್ಳ. ಗಟಗಟ ಕುಡಿದೆ. ಹಲ್ಲಿನಿಂದ ಕಣ್ಣಿನವರೆಗೆ ಸೂಜಿ ಹೊಕ್ಕ ಹಾಗಾಯಿತು. ಮುಖ ಅಲುಗಿಸಲಿಲ್ಲ.

"ಹೇಗಿದೆ?"

"ಸಕ್ಕರೆ ಜಾಸ್ತಿ."

ಮಾರ್ಚ್ 17

ಮೇಲಿನ ಸ್ವರ ಕೈಕೊಟ್ಟಿತು. ಬ್ಯಾಂಡ್‌ಮಾಸ್ಟರ್ ಕೋಲು ಕೆಳಗಿಟ್ಟರು. "ಏನ್ರೀ, ಸ್ವರ ಎಲ್ಲಿ? ಪಾರಿವಾಳ ಕಚ್ಕೊಂಡು ಹೋಯ್ತಾ?" ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ನನಗೆ ನಗದವನ ಮೇಲೆಯೇ ಅನುಮಾನ.

ಆಮೇಲೆ ವಾದ್ಯ ಇಡುವ ಬೀರುವಿನ ಹತ್ತಿರ ಬಂದ. "ಅಣ್ಣ, ಬಾಯಲ್ಲೇನೋ ತೊಂದ್ರೆ ಇದೆ ಅಲ್ವಾ? ಒಂದೆರಡು ವಾರ ಮೊದಲನೇದು ನಾನು ಊದ್ತೀನಿ, ನೀನು—"

"ನಾನು ಸತ್ತ ಮೇಲೆ ಊದು."

ಅವನ ಮುಖ ಕಪ್ಪಿಟ್ಟಿತು. ಇಟ್ಟರೆ ಇಡಲಿ.

ಮಾರ್ಚ್ 24, ಭಾನುವಾರ, ಸಂಜೆ

ಪಾರ್ಕು ತುಂಬಿತ್ತು. ಕೊನೆಯ ಹಾಡಿನಲ್ಲಿ ನಾನೊಬ್ಬನೇ ಊದುವ ಭಾಗ. ಮೌತ್‌ಪೀಸ್ ಒತ್ತಿದೆ — ಎಡಗಡೆಯ ಹಲ್ಲು ಸಡಿಲ ಗೂಟದ ಹಾಗೆ ಅಲುಗಾಡಿತು. ಬಾಯಲ್ಲಿ ತುಕ್ಕಿನ ರುಚಿ. ಮೇಲಿನ ಸ್ವರಕ್ಕೆ ಇದ್ದ ಉಸಿರೆಲ್ಲ ಕೂಡಿಸಿ ಊದಿದೆ. ಬಂದದ್ದು ಬರೀ ಗಾಳಿ.

ಆದರೆ ಸ್ವರ ಕೇಳಿಸಿತು. ಗಂಟೆಯ ಹಾಗೆ.

ತಮ್ಮ! ತಲೆ ಎತ್ತದೆ, ಟ್ರಂಪೆಟ್ ನೆಲಕ್ಕೆ ಬಾಗಿಸಿಕೊಂಡು ನನ್ನ ಭಾಗ ಊದುತ್ತಿದ್ದ. ಸ್ವರದಲ್ಲಿ ನನ್ನದೇ ಎಳೆತ, ನನ್ನದೇ ಕಂಪನ — ಎಲ್ಲ ನನ್ನದೇ. ನಾನು ಸುಮ್ಮನೆ ಬೆರಳಾಡಿಸಿದೆ. ಜನ ಚಪ್ಪಾಳೆ ಹೊಡೆದರು, ನನ್ನ ಕಡೆ ನೋಡಿ. ಬ್ಯಾಂಡ್‌ಮಾಸ್ಟರ್ ಬೆನ್ನು ತಟ್ಟಿದರು: "ಹಳೇ ಖದರು ವಾಪಸ್ ಬಂತು ನೋಡಿ!"

ಅವನ ಕತ್ತು ಹಿಸುಕಬೇಕೆನ್ನಿಸಿತು. ಬಿದ್ದಿದ್ದರೆ ಆ ಸೋಲಾದರೂ ನನ್ನದಾಗಿರುತ್ತಿತ್ತು. ಅದನ್ನೂ ಕಿತ್ತುಕೊಂಡ.

ಏಪ್ರಿಲ್ 1

ಜ್ವರ ಅಂತ ಹೇಳಿ ಮನೆಯಲ್ಲೇ ಇದ್ದೇನೆ. ತುಟಿ ಊದಿದೆ. ಹಾಲಲ್ಲಿ ನೆನೆಸಿದ ಬ್ರೆಡ್ಡು, ಅದೂ ದವಡೆಯ ಮೂಲೆಯಲ್ಲಿ. ಥೂ.

ಮಧ್ಯಾಹ್ನ ತಮ್ಮ ಬಂದ. ಕೂರು ಅನ್ನಲಿಲ್ಲ.

"ಯಾರು ಹೇಳಿದ್ರು ನಿಂಗೆ ನನ್ನ ಭಾಗ ಊದು ಅಂತ? ನನಗೆ ಭಿಕ್ಷೆ ಹಾಕಿದ್ಯಾ?"

"ನಿನಗೋಸ್ಕರ ಊದಲಿಲ್ಲ ಕಣೋ! ಹಾಡು ಕೆಡ್ತಿತ್ತು. ನಿನ್ನ ಎರಡು ಹಲ್ಲಿಗೋಸ್ಕರ ಇಡೀ ಬ್ಯಾಂಡು ಮರ್ಯಾದೆ ಕಳ್ಕೋಬೇಕಾ?"

ಹುಟ್ಟಿದಾಗಿನಿಂದ ನನ್ನನ್ನು ಒಂದು ದಿನವೂ "ಕಣೋ" ಅಂದವನಲ್ಲ. ಅಡುಗೆಮನೆಯಲ್ಲಿ ಹೆಂಡತಿಯ ಪಾತ್ರೆ ಸದ್ದು ನಿಂತಿತು.

"ನಾಳೆ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಬರಲಿಲ್ಲಾಂದ್ರೆ ಬ್ಯಾಂಡ್‌ಮಾಸ್ಟರ್‌ಗೆ ನಾನೇ ಎಲ್ಲಾ ಹೇಳ್ತೀನಿ."

ಬಾಗಿಲು ಧಡಾರನೆ ಹಾಕಿಕೊಂಡು ಹೋದ. ವಿಚಿತ್ರ — ಅವನ ಕನಿಕರವನ್ನು ನಂಬಲಾಗಿರಲಿಲ್ಲ. ಈ ಸಿಟ್ಟನ್ನು ನಂಬಿದೆ.

ಏಪ್ರಿಲ್ 2, ಕ್ಲಿನಿಕ್ಕು

ಕಾಯುತ್ತಿದ್ದೇವೆ. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದಾನೆ. ಒಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ದಾರಿಯುದ್ದಕ್ಕೂ ತುಟಿ ಬಿಚ್ಚದವನು ಈಗ ಕೇಳಿದ:

"ಇನ್ನು ಊದಬೇಡಿ ಅಂದ್ರೆ ಏನ್ ಮಾಡ್ತೀಯಾ?"

"ನಿನಗೆ ಹಾಲು ಕುಡಿದಷ್ಟು ಸಂತೋಷ. ಹೋಗಿ ನನ್ನ ಕುರ್ಚೀಲಿ ಕೂತ್ಕೋ."

"ಕೂತ್ಕೋತೀನಿ. ಪಕ್ಕದಲ್ಲಿ ಯಾರಿರ್ತಾರೆ?" ಗದರಿಯೇ ಕೇಳಿದ. ಕಣ್ಣು ಮಾತ್ರ ನಡುವಿನ ಖಾಲಿ ಕುರ್ಚಿಯ ಮೇಲಿತ್ತು.



ನರ್ಸ್ ಕರೆದಳು. ನನಗಿಂತ ಮೊದಲು ಅವನೇ ಎದ್ದು ನಿಂತಿದ್ದಾನೆ, ಅವನದೇ ಹಲ್ಲು ಅನ್ನುವ ಹಾಗೆ. ಒಳಗೂ ಬರುತ್ತಾನಂತೆ. ಬೇಡ, ಹೊರಗಿರು ಅಂತ ಹೇಳಬೇಕು. ಹೇಳೋಣವೆಂದರೆ ಬಾಯಿ ಬರುತ್ತಿಲ್ಲ. ಬರಲಿ.