ಬಿಳಿ ಅಕ್ಷರದ ಟೈರು

ಮಾರ್ಚ್ 3, ಬೆಳಿಗ್ಗೆ

ಟೀಚರಮ್ಮನ ಕೋಟಿನ ಸೊಂಟ ಮತ್ತೆ ಬಿಚ್ಚಬೇಕು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತಿದ್ದರು, ಈಗ ಬಿಗಿ ಎಂದರೆ ನಾನೇನು ಮಾಡಲಿ?

ಸೂಜಿಗೆ ದಾರ ಪೋಣಿಸಿಕೊಡುವುದು ಮೊದಲಿಂದಲೂ ನಮ್ಮ ಮನೆಯವರ ಕೆಲಸ. ಒಂದೇ ಏಟಿಗೆ ಪೋಣಿಸುತ್ತಿದ್ದರು. ಇತ್ತೀಚೆಗೆ ಸೂಜಿ ಎಂದರೆ ಸಾಕು, ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಇವತ್ತೂ ಅಷ್ಟೇ. "ಪಿಕಪ್ ಟೈರು ನೋಡ್ಬೇಕು, ತಡಿ" ಎಂದು ಎದ್ದು ಹೋದರು. ಹೊರಗೆ ಹೋಗಿ ನೋಡಿದರೆ ಕುಕ್ಕರಗಾಲಲ್ಲಿ ಕೂತು ಟೈರನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾರೆ.

"ಪೂರ್ತಿ ಬೋಳಾಗಿದೆ."

"ನಿಮ್ಮ ತಲೆ ಥರಾನಾ?" ಎಂದೆ.

"ತಲೆಗೆ ಹೊಸದು ಸಿಗಲ್ಲ. ಇದಕ್ಕೆ ಸಿಗತ್ತೆ."

ಗೇಟಿನ ಕಂಬದ ಮೇಲೆ ಹೊಸ ಗೀರು. ಬೂದು ಬಣ್ಣ... ನಮ್ಮ ಗಾಡಿಯದೇ. ಕೇಳಲಿಲ್ಲ.

ಮಾರ್ಚ್ 5

ಮಗಳ ಫೋನ್. ಸ್ಪೀಕರಿಗೆ ಹಾಕಿದೆ.

"ಅಪ್ಪಾ, ಸುಮ್ನೆ ರೋಡ್ ಟೈರ್ ಹಾಕ್ಸು. ಸದ್ದಿರಲ್ಲ, ಡೀಸೆಲ್ಲೂ ಕಮ್ಮಿ ಕುಡಿಯತ್ತೆ. ಈಗ ಗುಡ್ಡ ಹತ್ತೋರು ಯಾರು?"

"ನಾನು."

"ಟವರ್ ನೋಡ್ಕೊಳ್ಳೋಕೆ ಈಗ ಬೇರೆಯವರಿದ್ದಾರಲ್ಲಪ್ಪ."

"ಟವರಿಗೆ ಅವರಿದ್ದಾರೆ. ಗುಡ್ಡಕ್ಕೆ?"

ಮಗಳು ಸೋತಳು. ಇವರ ಹತ್ತಿರ ವಾದ ಮಾಡುವುದೂ ಒಂದೇ, ಗೋಡೆಗೆ ಹಣೆ ಚಚ್ಚಿಕೊಳ್ಳುವುದೂ ಒಂದೇ. ಕೆಲಸದ ಅಷ್ಟೂ ವರ್ಷ ಗುಡ್ಡದ ಮೇಲಿನ ರೇಡಿಯೋ ಟವರಿನ ಮೆಕ್ಯಾನಿಕ್. ರಿಟೈರ್ ಆದಾಗ ಆಫೀಸಿನವರು ಪಿಕಪ್ಪನ್ನು ಹರಾಜಿಗಿಟ್ಟರು. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ, ಹರಾಜು ಕೂಗಿ, ಮನೆಗೇ ಕರೆತಂದರು. ಕರೆತಂದರು ಎಂದೇ ಬರೆಯಬೇಕು. ಮಗಳು ಚಿಕ್ಕವಳಿದ್ದಾಗಲೇ ಅದಕ್ಕೆ ಡುಮ್ಮ ಎಂದು ಹೆಸರಿಟ್ಟಿದ್ದಳು.

ಇವತ್ತೆಲ್ಲ ಹಳೆಯದೇ ತಲೆಯಲ್ಲಿ. ಆಗಿನ ಟೈರುಗಳ ಪಕ್ಕದಲ್ಲಿ ಕಂಪನಿಯ ಹೆಸರು ದಪ್ಪ ಬಿಳಿ ಅಕ್ಷರದಲ್ಲಿತ್ತು. ಭಾನುವಾರ ಬಂತೆಂದರೆ ಇವರು ಹಳೇ ಹಲ್ಲಿನ ಬ್ರಶ್ಶು ಹಿಡಿದು ಒಂದೊಂದೇ ಅಕ್ಷರ ಉಜ್ಜುತ್ತ ಕೂರುತ್ತಿದ್ದರು. ಒಮ್ಮೆ ನನ್ನ ಬ್ರಶ್ಶನ್ನೇ ಎತ್ತಿಕೊಂಡು ಹೋಗಿದ್ದರು. ಹಳೇದು ಅಂದುಕೊಂಡರಂತೆ! ಆ ವಾರವೆಲ್ಲ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ರಾಜಿಗೆಂದು ಗುಡ್ಡದ ದಾರಿಗೆ ಕರೆದುಕೊಂಡು ಹೋಗಿ ಸ್ಟೀರಿಂಗ್ ನನ್ನ ಕೈಗೆ ಕೊಟ್ಟರು. ನಾನು ಡ್ರೈವಿಂಗ್ ಕಲಿತದ್ದು ಹಾಗೆ. ಎಂಥ ಗಾಳಿ ಇತ್ತು ಆ ದಿನ. ಕ್ಲಚ್ಚು ಸುಟ್ಟ ವಾಸನೆಯೂ ಇತ್ತೆನ್ನಿ.

ಮಾರ್ಚ್ 9, ಸಂಜೆ

ಗಾಳಿಯಣ್ಣನ ಅಂಗಡಿಗೆ ಹೋಗಿ ಬಂದೆವು. ಸೈಕಲ್ಲಿಗೆ ಗಾಳಿ ಹೊಡೆಯುತ್ತ ಶುರುಮಾಡಿದವನು. ಈಗ ಗಾಜಿನ ಬಾಗಿಲಿನ ಟೈರು ಅಂಗಡಿ, ಹೆಸರು ಮಾತ್ರ ಬಿಟ್ಟು ಹೋಗಿಲ್ಲ.

ಹೋಗುವಾಗ ಇವರೇ ಓಡಿಸಿದರು. ಸಿಗ್ನಲ್ ಹಸಿರಾದರೂ ಮುಂದಿನ ಗಾಡಿ ಹೊರಡುವ ತನಕ ಅಲುಗಲಿಲ್ಲ. ನನ್ನ ಕಾಲು ನನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಅಂಗಡಿಯಲ್ಲಿ ಮಾತ್ರ ರಾಜಗಾಂಭೀರ್ಯ. ದೊಡ್ಡ ದೊಡ್ಡ ಹಲ್ಲಿನ ಮಡ್ ಟೈರು ಬೇಕೆಂದರು.

"ಬೇಡಣ್ಣ, ಟಾರ್ ರೋಡಲ್ಲಿ ಹೆಲಿಕಾಪ್ಟರ್ ಥರ ಕೂಗತ್ತೆ. ಅಕ್ಕ ನಿಮ್ಮನ್ನ ಮನೆಯೊಳಗೆ ಸೇರಿಸಲ್ಲ," ಎಂದ ಗಾಳಿಯಣ್ಣ. "ಆಲ್ ಟೆರೇನ್ ತಗೊಳ್ಳಿ. ಟಾರಿಗೂ ಆಯ್ತು, ಗುಡ್ಡದ ಕಲ್ಲಿಗೂ ಆಯ್ತು. ಬಿಳಿ ಅಕ್ಷರದ್ದೂ ಬಂದಿದೆ."

ಇವರ ಮುಖ ಅರಳಿತು. ಗೋಡೆಗೆ ಒರಗಿಸಿದ್ದ ಟೈರಿನ ಕಾಲುವೆಗಳಲ್ಲಿ ಹೆಬ್ಬೆರಳು ಓಡಿಸಿದರು. ಅಂಚು ಒತ್ತಿ ನೋಡಿದರು. "ಇದು ಕಲ್ಲು ಕಚ್ಚಿಕೊಂಡು ಕೂರಲ್ಲ, ಉಗುಳತ್ತೆ" ಎಂದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತು...

"ಬಿಳಿ ಅಕ್ಷರ ನೋಡೇ! ಹೇಗೆ ಎದ್ದು ಕಾಣ್ತಿದೆ!"

ಟೈರಿನ ಬಿಳಿ ಅಕ್ಷರದ ಬದಿ ಗೋಡೆಯ ಕಡೆಗಿತ್ತು. ನಮ್ಮ ಕಡೆ ಇದ್ದದ್ದು ಬರೀ ಕಪ್ಪು.

ಗಾಳಿಯಣ್ಣ ನನ್ನ ಮುಖ ನೋಡಿದ. ನಾನು ಅವನದು. ಮೆಲ್ಲಗೆ ಟೈರನ್ನು ತಿರುಗಿಸಿ ನಿಲ್ಲಿಸಿದ. "ಹೌದಣ್ಣ, ಚೆನ್ನಾಗಿ ಕಾಣತ್ತೆ" ಎಂದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ನಮ್ಮ ಗಾಡಿಯ ಸೈಜಿನದು ಇನ್ನೂ ಬರಬೇಕು, ಬಂದಾಗ ಫೋನ್ ಮಾಡುತ್ತೇನೆ ಎಂದ.

ಹೊರಡುವಾಗ ಕೀ ಕೇಳಿದೆ. "ತುಂಬ ದಿನ ಆಯ್ತು ಓಡಿಸಿ, ಕೊಡಿ ನೋಡೋಣ." ಕೊಟ್ಟುಬಿಟ್ಟರು. ಒಂದು ಕೊಂಕು ಮಾತಿಲ್ಲದೆ.

ಮಾರ್ಚ್ 10

ಕೇಳಿಯೇಬಿಟ್ಟೆ. "ಯಾವಾಗಿಂದ?"

ಕುರ್ಚಿಯ ತೋಳನ್ನು ಹೆಬ್ಬೆರಳಿನಿಂದ ಸವರಿದರು. "ನಡುವೆ ಏನಿದ್ರೂ ಉಜ್ಜಿ ಅಳಿಸಿದ ಹಾಗೆ. ಅಕ್ಕಪಕ್ಕದ್ದು ಕಾಣತ್ತೆ. ನಿನ್ನ ಮುಖ ನೋಡ್ಬೇಕು ಅಂದ್ರೆ ನಿನ್ನ ಭುಜದಾಚೆಗೆ ನೋಡ್ಬೇಕು."

"ಹೇಳೋಕೆ ಏನಾಗಿತ್ತು ರೀ?"

"ಹೇಳಿದ್ರೆ ಕೀ ಕಿತ್ಕೋತಿದ್ದೆ."

"ಹೌದು, ಕಿತ್ಕೋತಿದ್ದೆ."

ಅಡುಗೆಮನೆಗೆ ಹೋಗಿ ಅತ್ತೆ. ಸಿಟ್ಟಿಗೂ ಅತ್ತೆ. ಯಾರಿಗಾದರೂ ಗುದ್ದಿದ್ದರೆ? ಕೀಯನ್ನು ಹೊಲಿಗೆ ಮಷೀನಿನ ಡ್ರಾಯರಿನಲ್ಲಿಟ್ಟೆ. ಆ ಮನುಷ್ಯನಿಂದ ಗುಡ್ಡವನ್ನು ಕಿತ್ತುಕೊಂಡ ಹಾಗಾಯಿತು.

ಮಾರ್ಚ್ 19

ಬರೆಯಲು ಮನಸ್ಸಾಗಿರಲಿಲ್ಲ. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಖಡಾಖಂಡಿತ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಇಂಜೆಕ್ಷನ್. ಗಾಡಿ ಮುಟ್ಟುವಂತಿಲ್ಲ. ಕಣ್ಣಿಗೆ ಇಂಜೆಕ್ಷನ್ ಎಂದಾಗ ಇವರು "ಗಾಳಿ ತುಂಬ್ತೀರಾ?" ಎಂದರು. ಅವಳು ನಗಲಿಲ್ಲ. ನಾನು ನಕ್ಕೆ, ಯಾರಾದರೂ ನಗಬೇಕಲ್ಲ.

ಸಂಜೆ ಗಾಳಿಯಣ್ಣನ ಫೋನ್. ಟೈರು ಬಂದಿದೆಯಂತೆ.

"ರೋಡ್ ಟೈರೇ ಹಾಕು ಅನ್ನು," ಕುರ್ಚಿಯಿಂದಲೇ ಇವರು. "ಇಲ್ಲಾಂದ್ರೆ ಮಾರಿಬಿಡು ಡುಮ್ಮನ್ನ. ಗುಡ್ಡ ಸಾಕು."

ಇವರ ಬಾಯಲ್ಲಿ ಸಾಕು ಎಂಬ ಮಾತು ಊಟದ ತಟ್ಟೆಯ ಮುಂದೆ ಬಿಟ್ಟರೆ ಬೇರೆಲ್ಲೂ ಕೇಳಿದವಳಲ್ಲ ನಾನು.

"ಆಲ್ ಟೆರೇನೇ ಹಾಕಪ್ಪ," ಎಂದೆ ಫೋನಿಗೆ. "ಬಿಳಿ ಅಕ್ಷರ ಹೊರಗಡೆ ಬರ್ಲಿ."

"ಓಡ್ಸೋರು ಯಾರು?"

"ನೀವು ಕಲಿಸಿದ್ದು ಯಾರಿಗೆ ಮೇಷ್ಟ್ರೇ?"

ಮುಖ ಆಚೆ ತಿರುಗಿಸಿಕೊಂಡರು. ಆಮೇಲೆ ನೆನಪಾಯಿತು, ಆಚೆ ತಿರುಗಿದರೇನೇ ಅವರಿಗೆ ನಾನು ಕಾಣುವುದು.

ಮಾರ್ಚ್ 30, ಮಧ್ಯಾಹ್ನ, ಗುಡ್ಡದ ಮೇಲೆ

ಬಂದೇಬಿಟ್ಟೆವು. ಟಾರ್ ಮುಗಿಯುವವರೆಗೆ ಗೊಣಗಾಟ. ಬ್ರೇಕು ಜೋರಾಯ್ತು, ಗೇರು ತಡವಾಯ್ತು. ಕಲ್ಲಿನ ದಾರಿ ಶುರುವಾದದ್ದೇ ಇವರ ಬೆನ್ನು ನೆಟ್ಟಗಾಯಿತು. ಹೊಸ ಟೈರು ಕಲ್ಲು ಹಿಡಿದು ಹತ್ತುವ ಸದ್ದು ನನಗೂ ಹಿತವಾಗಿತ್ತು.

"ಸೆಕೆಂಡ್ ಹಾಕು. ಮುಂದೆ ಎಡಗಡೆ ಬಂಡೆ, ಬಲಕ್ಕೆ ಒತ್ತು."

ಬಂಡೆ ಇರಲಿಲ್ಲ. ಯಾವಾಗಲೋ ಒಡೆದು ದಾರಿ ಸಮ ಮಾಡಿದ್ದಾರೆ. ಆದರೂ ಬಲಕ್ಕೆ ಒತ್ತಿದೆ, ಇಲ್ಲದ ಬಂಡೆಯನ್ನು ಸುತ್ತಿಕೊಂಡು ಹೋದೆ.

"ಭೇಷ್," ಎಂದರು. ಸ್ವಲ್ಪ ದೂರ ಹೋದಮೇಲೆ, "ಬಂಡೆ ಇಲ್ಲ, ಅಲ್ವಾ?"

"ಹೇಗೆ ಗೊತ್ತಾಯ್ತು?"

"ಎಷ್ಟೇ ಒತ್ತಿದ್ರೂ ಹಿಂದಿನ ಚಕ್ರ ಅದರ ಅಂಚು ಹತ್ತಿ ಇಳೀತಿತ್ತು. ಇವತ್ತು ಹತ್ತಲಿಲ್ಲ." ಆಮೇಲೆ ಮೆಲ್ಲಗೆ, "ನನ್ನ ಖುಷಿಗೆ ಅಂತ ಏನೂ ಸೇರಿಸ್ಬೇಡ. ಇರೋದನ್ನ ಇದೆ ಅನ್ನು, ಇಲ್ಲದ್ದನ್ನ ಇಲ್ಲ ಅನ್ನು. ಇನ್ಮೇಲೆ ನಂಗೆ ಅಷ್ಟೇ ತಾನೇ ದಾರಿ?"

ಆಗಲಿ ಎಂದೆ. ಮಾತು ಕೊಟ್ಟೆ.

ಈಗ ಬಾನೆಟ್ಟಿಗೆ ಒರಗಿ ನಿಂತಿದ್ದಾರೆ, ಮುಖಕ್ಕೆ ಗಾಳಿ ಕೊಟ್ಟುಕೊಂಡು. "ಏನೇನು ಕಾಣ್ತಿದೆ ಹೇಳು. ನಮ್ಮ ರೂಮಿಂದ ಶುರು ಮಾಡು." ಟವರಿನ ಬುಡದ ಕಲ್ಲಿನ ರೂಮು. ನಾವಿಬ್ಬರೇ ಇದ್ದ ಕಾಲದಲ್ಲಿ ವಾರಗಟ್ಟಲೆ ಅದೇ ನಮ್ಮ ಮನೆ. ಒಂದೇ ಕಂಬಳಿ, ಒಂದೇ ಸ್ಟೂಲು, ಸರದಿಯ ಮೇಲೆ ಕೂರುವುದು. ಅಷ್ಟು ನಕ್ಕದ್ದು ಇನ್ನೆಲ್ಲೂ ಇಲ್ಲ.

ಒಂದು ನಿಮಿಷ, ಏನೋ ಬರ್ಕೋಬೇಕು ಎಂದು ನೆಪ ಹೇಳಿ ಸೀಟಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ರೂಮಿಗೆ ಮೇಲ್ಛಾವಣಿ ಇಲ್ಲ. ಬಾಗಿಲೂ ಇಲ್ಲ. ಒಂದು ಗೋಡೆ ಪೂರ್ತಿ ಕುಸಿದಿದೆ. ಕಿಟಕಿಯ ಗೋಡೆ ನಿಂತಿದೆ.

"ಏನೇ, ಇನ್ನೂ ಎಷ್ಟು ಹೊತ್ತು? ನಮ್ಮ ರೂಮು ಕಾಣ್ತಿದೆ ತಾನೇ?"

ಬಂದೆ. ಕಿಟಕಿ ಇದೆ ರೀ — ಅಲ್ಲಿಂದಲೇ ಶುರು ಮಾಡುತ್ತೇನೆ. ಆಮೇಲೆ ಛಾವಣಿ ಇಲ್ಲ ಎನ್ನುತ್ತೇನೆ, ಮಾತು ಕೊಟ್ಟಾಗಿದೆ. ಆಮೇಲೆ...