ನಚ್ಚಿಯ ಗಾಡಿಗೆ ಬಣ್ಣ ಹಚ್ಚಿದ್ದು

ಚೋವಾ ಚು ಕಾಂಗ್, ಸಿಂಗಪುರ
3 ನವೆಂಬರ್ 2007, ಶನಿವಾರ

ಪ್ರೀತಿಯ ನಚ್ಚಿ,

ನೀನು ಸೈನ್ಯದ ತರಬೇತಿಗೆಂದು ಆಸ್ಟ್ರೇಲಿಯಾಕ್ಕೆ ಹೋಗಿ ನಾಲ್ಕು ವಾರವಾಯಿತು. ಅಮ್ಮ ಮೂರು ಕಾಗದ ಬರೆದಳು, ಅಪ್ಪ ಒಂದು ಬರೆದರು, ನಾನು ಒಂದೂ ಬರೆಯಲಿಲ್ಲ. ಪರೀಕ್ಷೆ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ನಾಲ್ಕು ಸಲ ಶುರು ಮಾಡಿದೆ. ನಾಲ್ಕೂ ಸಲ ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ ಅದು ಕಾಗದವಾಗಿ ಉಳಿಯದೆ ಭಾಷಣವಾಗಿತ್ತು. ತಡಮಾಡಿದ್ದಕ್ಕೆ ಕ್ಷಮಿಸು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೈಸೂರು ಬಿಟ್ಟಾಗ ನೀನು ಐದನೇ ಕ್ಲಾಸು ಮುಗಿಸಿದ್ದೆ, ಓದಲು ಮರೆತಿರಲಾರೆ. ನಿನ್ನ ಜೊತೆಯ ಹುಡುಗರು ಕಿತ್ತುಕೊಂಡರೂ ಅವರಿಗೆ ಒಂದಕ್ಷರ ತಿಳಿಯುವುದಿಲ್ಲ ಎಂಬ ಧೈರ್ಯವೂ ಇದೆ.

ಆಗಸ್ಟಿನಿಂದ ನೀನು ನನ್ನೊಡನೆ ಮಾತಾಡಿಲ್ಲ. ಕ್ಯಾಂಪಿನಿಂದ ಪ್ರತಿ ಶನಿವಾರ ಬರುತ್ತಿದ್ದೆ, ಒಂದೇ ಮನೆಯಲ್ಲಿ ಎರಡು ದಿನ ಇರುತ್ತಿದ್ದೆ, “ಅಮ್ಮ, ಬಾತ್‌ರೂಮ್ ಖಾಲಿ ಇದೆ ಅಂತ ಅಕ್ಕಂಗೆ ಹೇಳು” ಎನ್ನುತ್ತಿದ್ದೆ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ತಪ್ಪು ನನ್ನದು. ಅಂದು ಊಟದ ಟೇಬಲ್ಲಿನಲ್ಲಿ ನಾನು ಅಂದದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ; ಬಾಯಲ್ಲಿ ಆಡಿದವಳಿಗೆ ಕೈಯಲ್ಲಿ ಬರೆಯುವ ಧೈರ್ಯವೂ ಇರಬೇಕು. “ಆ ಯೂನಿಫಾರ್ಮ್ ಹಾಕ್ಕೊಂಡು ನನ್ನೆದುರು ಕೂತು ಊಟ ಮಾಡ್ಬೇಡ. ಬೇರೆಯವರ ಯುದ್ಧಕ್ಕೆ ನಿನ್ನನ್ನ ನೀನೇ ಮಾರ್ಕೊಂಡಿದೀಯ” ಅಂದೆ. ನೀನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತುಕೊಂಡೇ ಊಟ ಮುಗಿಸಿದೆ.

ಯುದ್ಧದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಇರಾಕಿನಲ್ಲಿ ಆಗುತ್ತಿರುವುದನ್ನು ಓದುವ ಯಾರಿಗೂ ಬದಲಾಗಬಾರದು. ನನ್ನ ಕರಪತ್ರಗಳ ಕಟ್ಟು ಹಾಸಿಗೆಯ ಕೆಳಗೆ ಈಗಲೂ ಇದೆ, ಇನ್ನೂ ದಪ್ಪವಾಗಿದೆ. ಆದರೆ ಆ ಕಟ್ಟಿನಲ್ಲಿ ಎಷ್ಟು ಹುಡುಕಿದರೂ ತಮ್ಮನೊಡನೆ ಹೇಗೆ ಮಾತಾಡಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಈಗ ಸುದ್ದಿ. ಓದುವ ಮೊದಲು ಕುಳಿತುಕೋ. ನೀನು ಓಡಿಸುವ ಸೈನ್ಯದ ಗಾಡಿ ಎಂ-113ರ ಬಗ್ಗೆ.

ನಿಜವಾದದ್ದು ಅಲ್ಲೇ ನಿನ್ನ ಹತ್ತಿರ ಇದೆ. ನಾನು ಹೇಳುತ್ತಿರುವುದು ಅರ್ಧ ಕಟ್ಟಿ, ಬೂದು ಬಣ್ಣದ ಮೊದಲ ಕೋಟು ಹೊಡೆದು, ಪುಸ್ತಕದ ಶೆಲ್ಫಿನ ಮೇಲೆ ಬಿಟ್ಟುಹೋದೆಯಲ್ಲ, ಆ ಪ್ಲಾಸ್ಟಿಕ್ಕಿನದು. ಆಯುಧಪೂಜೆಯ ದಿನ ಅಮ್ಮ ಅದನ್ನು ಕೆಳಗಿಳಿಸಿದಳು. ಅಪ್ಪನ ಲ್ಯಾಪ್‌ಟಾಪು, ಮಿಕ್ಸಿ, ನನ್ನ ಕ್ಯಾಲ್ಕುಲೇಟರು ಎಲ್ಲ ಸಾಲಾಗಿದ್ದವು. ಗಾಡಿ ಮಾತ್ರ ನಮ್ಮ ಮನೆಯಲ್ಲಿ ಇಲ್ಲವಲ್ಲ.

“ನಮ್ಮನೆ ಗಾಡಿ ಇದೇ” ಅಂದಳು ಅಮ್ಮ. “ನಚ್ಚಿ ಓಡಿಸೋದು ಇಂಥದ್ದೇ ಅಲ್ವಾ. ಇದಕ್ಕೆ ಮಾಡಿದ್ರೆ ಅದಕ್ಕೂ ಸೇರತ್ತೆ.”

ಅರಿಶಿನ ಕಲಸಿ ಎರಡೂ ಪಕ್ಕಕ್ಕೆ ಮೂರು ಮೂರು ಗೆರೆ ಎಳೆದಳು, ಮೇಲೆ ಕುಂಕುಮ, ಒಂದು ಸೇವಂತಿಗೆ. ಅರಿಶಿನ ಕುಂಕುಮಕ್ಕೆ ಬಂದಿದ್ದ ಸೆಂಗ್‌ಕಾಂಗ್‌ನ ವತ್ಸಲಾ ಆಂಟಿ ನೋಡಿ, “ಜಲಜಾ, ನಿಮ್ಮನೆ ಗಾಡಿ ಸೂಪರ್ ಕಣೇ. ಪರ್ಮಿಟ್ಟೂ ಬೇಡ, ಪೆಟ್ರೋಲೂ ಬೇಡ, ಪಾರ್ಕಿಂಗಂತೂ ಬೇಡ್ವೇ ಬೇಡ” ಅಂದರು. ಎಲ್ಲರೂ ನಕ್ಕರು, ನನ್ನ ಹೊರತು.

“ಜನರನ್ನ ಕೊಲ್ಲೋ ಗಾಡಿಗೆ ಪೂಜೆ ಬೇರೆ ಕೇಡು” ಅಂದೆ. ಆಂಟಿಯ ಎದುರಿಗೇ.

ಅಮ್ಮ ತಿರುಗಿಯೂ ನೋಡಲಿಲ್ಲ. “ನಾನು ಗಾಡಿಗೆ ಮಾಡ್ತಿಲ್ಲ ವಿಭಾ. ಒಳಗೆ ಕೂತಿರೋನಿಗೆ ಮಾಡ್ತಿದೀನಿ.”

ಆಮೇಲೆ ಆದದ್ದನ್ನು ನೀನು ಊಹಿಸಬಲ್ಲೆ. ಪೂಜೆಯಾದ ಗಾಡಿ ನಿಂಬೆಹಣ್ಣಿನ ಮೇಲೆ ಹರಿಯಲೇಬೇಕು. ಅಪ್ಪ ಬಲಗಡೆಯ ಚಕ್ರದ ಕೆಳಗೆ ಒಂದು ನಿಂಬೆಹಣ್ಣು ಇಟ್ಟರು. ಅಂಗೈ ಅಗಲದ ಗಾಡಿಗೆ ಮಾಮೂಲಿ ಗಾತ್ರದ ನಿಂಬೆಹಣ್ಣು! “ಹಣ್ಣು ಒಡೀಬೇಕು ಕಣ್ರೀ, ಒಡೀದೇ ಇದ್ರೆ ಅಪಶಕುನ” ಎಂದು ಅಮ್ಮ ಹಿಂದಿನಿಂದ ಹೇಳಿದಳು. ಇಪ್ಪತ್ತೆರಡು ವರ್ಷದಿಂದ ಎಂಜಿನಿಯರಾಗಿರುವ ನಮ್ಮ ಅಪ್ಪ ಎರಡೂ ಕೈಯಿಂದ ಒತ್ತಿದರು. ಟಕ್ ಎಂದಿತು. ಹಣ್ಣು ಒಡೆಯಲಿಲ್ಲ. ಮುಂದಿನ ಎರಡು ಚಕ್ರ ಕಿತ್ತು ಸೋಫಾದ ಕೆಳಗೆ ಹೋದವು.

ಅಮ್ಮನ ಮುಖ ಬಿಳಿಚಿಕೊಂಡಿತು. ಆಟಿಕೆಯೊಂದು ಮುರಿದರೆ ಯಾರ ಮುಖವೂ ಹಾಗಾಗುವುದಿಲ್ಲ. ಶಕುನಗಳನ್ನು ನಾನು ನಂಬುವುದಿಲ್ಲ, ನಿನಗೆ ಗೊತ್ತು. ಆದರೂ ಸೋಫಾ ಸರಿಸಿ ಚಕ್ರಗಳನ್ನು ಹೆಕ್ಕಿದವಳು ನಾನೇ. “ಅಮ್ಮ, ಅವನು ಬರೋ ಹೊತ್ತಿಗೆ ಇದನ್ನ ಪೂರ್ತಿ ಕಟ್ಟಿ ಇಟ್ಟಿರ್ತೀನಿ” ಅಂದೆ. ನನ್ನ ಬಾಯಿಂದ ಹಾಗೆ ಬಂದದ್ದಕ್ಕೆ ಅಪ್ಪನಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ಮೊದಲು ಅರಿಶಿನ ತೆಗೆಯಹೋದೆ. ಸೋಪಿಗೆ ಹೋಗಲಿಲ್ಲ, ಬಟ್ಟೆಗೆ ಅಂಟಿದ್ದು ಹೋದರೆ ತಾನೇ ಇದು ಹೋಗುವುದು. ಅಮ್ಮನ ಕಪಾಟಿನಲ್ಲಿ ಉಗುರುಬಣ್ಣ ತೆಗೆಯುವ ದ್ರಾವಣ ಇತ್ತು. ಹತ್ತಿಯಲ್ಲಿ ಅದ್ದಿ ಉಜ್ಜಿದೆ. ನಚ್ಚಿ, ಎಡಗಡೆಯ ಗೋಡೆ ಕರಗಿತು! ಬೆಣ್ಣೆಯ ಹಾಗೆ ಮೆತ್ತಗಾಗಿ, ಅದರ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಕುಳಿತುಬಿಟ್ಟಿತು.

ಗಾಡಿಯನ್ನೂ ಕಿತ್ತ ಚಕ್ರಗಳನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು, ಪೆಟ್ಟಿಗೆಯ ಮೇಲಿದ್ದ ಚೀಟಿಯ ವಿಳಾಸ ಹುಡುಕಿ ನೀನು ಇದನ್ನು ಕೊಂಡ ಪಾಯಾ ಲೆಬಾರಿನ ಅಂಗಡಿಗೆ ಹೋದೆ. ಯುದ್ಧದ ಸಾಮಾನು ಮಾರುವ ಅಂಗಡಿಗೆ ಕಾಲಿಟ್ಟದ್ದು ಜೀವನದಲ್ಲಿ ಮೊದಲ ಸಲ. ಅಂಗಡಿಯ ಅಂಕಲ್ ಕನ್ನಡಕ ಹಣೆಗೇರಿಸಿ ನೋಡಿದರು.

“ನೇಲ್ ರಿಮೂವರ್ ಆಹ್? ಗರ್ಲ್, ಪ್ಲಾಸ್ಟಿಕ್ ನಾಟ್ ಯುವರ್ ಫಿಂಗರ್ ಲಾ! ಆಂಡ್ ದಿಸ್ ಯೆಲ್ಲೋ?”

ಪೂಜೆಯ ಕಥೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ವ್ಯಾನಿಗೂ ವರ್ಷಕ್ಕೊಮ್ಮೆ ಊದುಬತ್ತಿ ಹಚ್ಚುತ್ತಾರಂತೆ. “ಬಾಯ್‌ಫ್ರೆಂಡ್ ಡ್ರೈವಿಂಗ್ ದಿಸ್ ಒನ್?” ಎಂದು ಕೇಳಿದರು. “ತಮ್ಮ” ಅಂದೆ. “ಹಾಗಾದರೆ ಸರಿಯಾಗಿ ಮಾಡು” ಎಂದು ಹಿಂದಿನ ಸ್ಟೂಲು ಎಳೆದುಕೊಟ್ಟರು.

ಎರಡು ಸಲ ಹೋದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಕೇಳಿಸಿಕೋ, ನನಗಿದು ಹೊಸದು. ಚಕ್ರದ ಮುರಿದ ಅಚ್ಚಿನೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿ ಸೇರಿಸಿ ಅಂಟಿಸಿದೆ. ಎಲ್ಲ ಕಡೆ ಹಸಿರು ಹೊಡೆದೆ, ಒಣಗಿದ ಮೇಲೆ ತೆಳು ಮಾಡಿದ ಕಂದು ಬಣ್ಣವನ್ನು ಮೂಲೆಮೂಲೆಗೆ ಇಳಿಸಿದೆ, ಆಮೇಲೆ ಬಹುಪಾಲು ಒಣಗಿದ ಬ್ರಷ್ಷಿನಿಂದ ಅಂಚುಗಳನ್ನು ಮಾತ್ರ ಸವರಿದೆ. ಸವರಿದಾಗ ಅದುವರೆಗೆ ಆಟಿಕೆಯಾಗಿದ್ದದ್ದು ಒಮ್ಮೆಗೇ ಭಾರವಾದ ಕಬ್ಬಿಣದಂತೆ ಕಂಡಿತು. ಇಷ್ಟು ಸಂತೋಷವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆಯಿತು.

ಕಬ್ಬಿಣವಲ್ಲವಂತೆ, ಅಂಕಲ್ ಹೇಳಿದರು. ಅಲ್ಯೂಮಿನಿಯಂ. ನಮ್ಮ ಕುಕ್ಕರಿನ ಜಾತಿಯದು. ಮನೆಗೆ ಬರುವಾಗ ರೈಲಿನಲ್ಲಿ ಅದೊಂದೇ ಯೋಚನೆ. ಇಷ್ಟು ವರ್ಷ ನಾನು ಟ್ಯಾಂಕು, ಫಿರಂಗಿ, ಗಾಡಿ ಎಲ್ಲವನ್ನೂ ಹೊರಗಿನಿಂದಲೇ ನೋಡುತ್ತಿದ್ದೆ, ಅವು ಯಾರ ಎದುರಿಗೆ ಬಂದು ನಿಲ್ಲುತ್ತವೋ ಅವರ ಕಡೆಯಿಂದ. ಅದು ತಪ್ಪು ನೋಟವೇನೂ ಅಲ್ಲ. ಆದರೆ ಎಡಗಡೆ ಮುಂದೆ, ಎಂಜಿನ್ನಿನ ಪಕ್ಕದ ಆ ಸಣ್ಣ ಗೂಡಿನಲ್ಲಿ ಇಡೀ ದಿನ ಕೂತವನ ಮೊಣಕಾಲು ಎಲ್ಲಿ ಇರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಿನ್ನನ್ನೂ ಕೇಳಲಿಲ್ಲ.

ಕರಗಿದ ಜಾಗಕ್ಕೆ ಅಂಕಲ್ ಸುಲಭದ ಉಪಾಯ ಕೊಟ್ಟರು: “ಮಿಸ್ಟೇಕ್ ದೇರ್, ಪುಟ್ ಮಡ್ ಲಾ. ಆರ್ಮಿ ವೆಹಿಕಲ್ ನೆವರ್ ಕ್ಲೀನ್.” ಚಕ್ರಗಳಿಗೆಲ್ಲ ಕೆಸರಿನ ಬಣ್ಣ ಹಾಕಿದೆ. ಹೆಬ್ಬೆಟ್ಟಿನ ಗುರುತಿಗೆ ಹಾಕಲಿಲ್ಲ. ನಾನು ಮಾಡಿದ್ದು ನಿನಗೆ ಕಾಣಬೇಕು. ಅರಿಶಿನ ಮಾತ್ರ ಬಣ್ಣದ ಕೆಳಗೆ ಹಾಗೇ ಉಳಿದಿದೆ, ಅಮ್ಮನಿಗೆ ಅದೇ ಸಮಾಧಾನ.

ಕೊನೆಗೆ ಚಾಲಕ. ಬರೀ ತಲೆ ಮತ್ತು ಭುಜ, ತಲೆ ಕಡಲೆಕಾಳಿನಷ್ಟೂ ಇಲ್ಲ. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಯಲ್ಲಿ ಮುಖಕ್ಕೆ ಹಚ್ಚಲು ಹೇಳಿರುವ ಬಣ್ಣ ನಸುಗುಲಾಬಿ. ಅದನ್ನು ಹಚ್ಚಿದೆ, ಯಾರೋ ಬಿಳಿಯನಾದ. ಒರೆಸಿದೆ. ಕಂದು, ಹಳದಿ, ಚೂರು ಕೆಂಪು ಕಲಸಿ ನನ್ನ ಮುಂಗೈ ಪಕ್ಕ ಹಿಡಿದು ನೋಡಿದೆ. ನೀನು ನನಗಿಂತ ಸ್ವಲ್ಪ ಕಪ್ಪು, ಇನ್ನೊಂದು ಹನಿ ಕಂದು ಹಾಕಿದೆ. ಆರು ಸಲ ಕಲಸಿದ ಮೇಲೆ ಬಂತು. ಅಪ್ಪ ಭೂತಗನ್ನಡಿಯಲ್ಲಿ ನೋಡಿ, “ಲೇ, ಇವನು ನಮ್ಮ ನಚ್ಚಿ ಕಣೇ! ಹುಬ್ಬು ಗಂಟಿಕ್ಕಿದಾನೆ ನೋಡು” ಅಂದರು. ಹುಬ್ಬು ಗಂಟಿಕ್ಕಿದ್ದು ನನ್ನ ಬ್ರಷ್ಷು ಜಾರಿದ್ದರಿಂದ.

ನಂಬರಿನ ಸ್ಟಿಕ್ಕರುಗಳನ್ನು ಅಂಟಿಸಿಲ್ಲ. ನಿನ್ನ ಗಾಡಿಯ ನಂಬರು ನನಗೆ ತಿಳಿಯದು, ಅದು ನಿನ್ನ ಕೆಲಸ. ಬಂದ ಮೇಲೆ ಅಂಟಿಸು. ನಾನು ಲೈಟು ಹಿಡಿಯುತ್ತೇನೆ. ಯುದ್ಧದ ಬಗ್ಗೆ ಜಗಳ ಆಡೋಣ, ಖಂಡಿತ ಆಡೋಣ. ಆದರೆ ಒಂದೇ ಟೇಬಲ್ಲಿನ ಎರಡು ಕಡೆ ಕೂತು.

ದೀಪಾವಳಿಗೆ ನೀನಿಲ್ಲ. ಅಮ್ಮ ಚಕ್ಕುಲಿ ಕಟ್ಟಿ ಇಡುತ್ತಾಳೆ. ಅಲ್ಲಿ ಬಿಸಿಲು ಜಾಸ್ತಿಯಂತೆ, ನೀರು ಕುಡಿ. ಹೋದ ಹಾಗೇ ಕೈಕಾಲು ಗಟ್ಟಿಯಾಗಿ ತಿರುಗಿ ಬಾ, ನಿನ್ನ ಗಾಡಿಯ ಎದುರಿಗೆ ಯಾವತ್ತೂ ಯಾರೂ ನಿಲ್ಲುವ ಹಾಗಾಗದಿರಲಿ. ನಂಬಿಕೆ ಇಲ್ಲದವಳ ಆಶೀರ್ವಾದ ತಗಲುತ್ತದೋ ಇಲ್ಲವೋ ತಿಳಿಯದು, ಅಕ್ಕನದು ತಗಲುತ್ತದೆ.

ನಿನ್ನ ಅಕ್ಕ,
ವಿಭಾ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಕೊನೆಗೆ ಉಳಿಸಿಕೊಂಡದ್ದು: ನಿನ್ನೆ ಗಾಡಿ ಮುಗಿಸಿ ಅಮ್ಮನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ ಅವಳು ಐದು ವರ್ಷದ ಹಿಂದಿನ ಮಾತು ಹೇಳಿದಳು. ಇಲ್ಲಿ ಕಾಯಂ ಇರಲು ಪಿಆರ್ ಸಿಕ್ಕರೆ ನಾನು ಇಲ್ಲೇ ಓದಬಹುದಿತ್ತು, ಇಲ್ಲವಾದರೆ ಒಬ್ಬಳೇ ಮೈಸೂರಿಗೆ, ಚಿಕ್ಕಮ್ಮನ ಮನೆಗೆ. ಪಿಆರ್ ಸಿಕ್ಕ ಹುಡುಗ ಎರಡು ವರ್ಷ ಸೈನ್ಯಕ್ಕೆ ಹೋಗಬೇಕಾಗುತ್ತದೆಂದು ಅಪ್ಪ ಮೊದಲ ಸಲ ನಿನ್ನ ಹೆಸರು ಬಿಟ್ಟು ಅರ್ಜಿ ಹಾಕಿದರಂತೆ. ಅದು ವಾಪಸು ಬಂತಂತೆ. ಆಗ ಹದಿನಾಲ್ಕು ವರ್ಷದ ನೀನು ಬಾಗಿಲಲ್ಲಿ ನಿಂತು, “ನನ್ನ ಹೆಸರೂ ಸೇರ್ಸಿ ಅಪ್ಪ. ಎರಡು ವರ್ಷ ತಾನೇ. ಅಕ್ಕ ಹೋಗೋದು ಬೇಡ. ಅವಳಿಗೆ ಹೇಳ್ಬೇಡಿ” ಅಂದೆಯಂತೆ.

ಮಾರಿಕೊಂಡಿದ್ದೀಯ ಎಂದು ನಾನು ಅಂದಾಗ ಈ ಒಂದು ಮಾತು ಸಾಕಿತ್ತು ನನ್ನ ಬಾಯಿ ಮುಚ್ಚಿಸಲು. ನೀನು ಆಡಲಿಲ್ಲ. ಆಸ್ಟ್ರೇಲಿಯಾದಿಂದ ಬಂದ ಮೇಲೆ ಕ್ಯಾಂಪಿನಿಂದ ನಿಮ್ಮನ್ನು ಬಿಡುವ ದಿನ ಗೇಟಿನ ಹತ್ತಿರ ನಾನೊಬ್ಬಳೇ ಬಂದಿರುತ್ತೇನೆ. ಬಟ್ಟೆ ಬದಲಾಯಿಸಬೇಡ, ಯೂನಿಫಾರ್ಮಿನಲ್ಲೇ ಬಾ. ಬಸ್ಸು ಹತ್ತದೆ ನಡೆದರೆ ಮನೆಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ನೀನು ಬೈಯಬಹುದು, ನಾನು ನಡುವೆ ಬಾಯಿ ಹಾಕುವುದಿಲ್ಲ.