ಸೋಮಯ್ಯನ ಎಲೆಗೆ ಎಸೆದ ಬಾಲ

ಚೇರಂಬಾಣೆ, ಸೆಪ್ಟೆಂಬರ್ ೧೯೫೪

ಸಾಂತಪ್ಪಾ,

ನೀನು ಸತ್ತ ಮೇಲೆ ಇದು ಮೊದಲ ಕೈಲ್‌ಮುಹೂರ್ತದ ಹಬ್ಬ. ಕೋವಿಗಳಿಗೆ ಪೂಜೆ ಮಾಡಿ ನಮ್ಮ ಹಳೆಯ ಗುಂಪೇ ಬೇಟೆಗೆ ಹೋಗಿತ್ತು. ಸೋಮಯ್ಯನ ಗುಂಡು ಹಂದಿಯ ತೊಡೆಗೆ ಬಿತ್ತು. ಅದು ರಕ್ತ ಸುರಿಸುತ್ತ ಕಾಡಿಗೆ ನುಗ್ಗಿತು. ಹುಡುಕೋಣ ಎಂದರೆ ಆ ನಾಚಿಕೆಗೆಟ್ಟವನು, “ಬುಡು ಮಾರಾಯ, ಮನೇಲಿ ಹಂದಿಕರಿ ಉಟ್ಟಲ್ಲ!” ಎಂದ. ಎಲ್ಲರೂ ನಗುತ್ತ ಊಟಕ್ಕೆ ಹೊರಟರು.

ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟವನು ಮಾಂಸ ಮುಟ್ಟಬಾರದು ಎಂದು ನೀನು ಹೇಳುತ್ತಿದ್ದೆ. ನಾನೊಬ್ಬನೇ ರಕ್ತದ ಜಾಡು ಹಿಡಿದು ಹೋದೆ. ತೋಡಿನ ಬದಿ ಬಿದ್ದು ಒದ್ದಾಡುತ್ತಿತ್ತು. ಒಂದೇ ಗುಂಡಿಗೆ ಮುಗಿಸಿದೆ. ಬಾಲ ಕೊಯ್ದು ತಂದು, ಉಣ್ಣುತ್ತಿದ್ದ ಸೋಮಯ್ಯನ ಎಲೆಗೆ ಎಸೆದೆ. ಬಾಯಿಗೆ ಬಂದಂತೆ ಬೈದೆ.

ಅವನು ತಲೆಯೆತ್ತಿ ಕೇಳಿದ: “ಹೋದ ವರ್ಷ ನೀ ಎಲ್ಲಿದ್ದ?”

ನಿನ್ನ ಮೇಲೂ ನನಗೆ ಸಿಟ್ಟಿದೆ. ನಾನು ಗಾಯ ಮಾಡಿದ ಹಂದಿಯ ಹಿಂದೆ ನೀನು ಯಾಕೆ ಒಬ್ಬನೇ ಹೋದೆ? ಅದು ನಿನ್ನ ಹೊಟ್ಟೆ ಸೀಳುವಾಗ ನೀನು ಕೂಗಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಹೊರಡುವ ಮುಂಚೆ ನೀನು ಅಂಗಳದಿಂದ ಎರಡು ಸಲ ನನ್ನನ್ನು ಕರೆದದ್ದು ಮಾತ್ರ ಕೇಳಿಸಿತ್ತು.

ನಾನು ಇನ್ನೊಂದು ಸೌಟು ಹಂದಿಕರಿ ಹಾಕಿಸಿಕೊಳ್ಳುತ್ತಿದ್ದೆ.